ಹಗುರ ಚೀಲ, ತಂಪು ಪಾನಕ: ಕಡಲತೀರಕ್ಕೆ ಹೊರಟ ಕುಟುಂಬದ ಲೆಕ್ಕಾಚಾರ

ಶಾಲೆಗಳ ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಆರಂಭವಾದೊಡನೆ ಬಯಲುಸೀಮೆಯ ಕುಟುಂಬಗಳು ಪಡುವಣ ಕರಾವಳಿಯತ್ತ ಮುಖ ಮಾಡುವುದು ವಾಡಿಕೆ. ಕಾರವಾರ, ಗೋಕರ್ಣ, ಮುರುಡೇಶ್ವರ, ಮರವಂತೆ, ಮಲ್ಪೆ, ಕಾಪು, ಪಣಂಬೂರು, ಉಳ್ಳಾಲ ಹೀಗೆ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಉದ್ದಕ್ಕೂ ಹಬ್ಬಿರುವ ಕಡಲತೀರಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಬಳಿಕ, ಗಂಡಸರ ಬಿಡುವಿಗೆ ಕಾಯದೆ ತಾಯಂದಿರೇ ಮಕ್ಕಳನ್ನು ಕರೆದುಕೊಂಡು ಹೊರಡುವುದೂ ಸುಲಭವಾಗಿದೆ.

ಪ್ರವಾಸದ ಯೋಜನೆ ಸಾಮಾನ್ಯವಾಗಿ ಎರಡು ವಿಷಯಗಳ ಸುತ್ತ ಸುತ್ತುತ್ತದೆ: ಏನೇನು ಕೊಂಡೊಯ್ಯಬೇಕು, ಅಲ್ಲಿ ಏನು ತಿಂದು ಕುಡಿಯಬೇಕು. ಮೇಲ್ನೋಟಕ್ಕೆ ಇವೆರಡೂ ಸಣ್ಣ ಸಂಗತಿಗಳೇ. ಆದರೆ ಕಡಲ ದಂಡೆಯಲ್ಲಿ ಕುಟುಂಬವೊಂದು ಎಷ್ಟು ಸುರಕ್ಷಿತವಾಗಿ, ಎಷ್ಟು ನೆಮ್ಮದಿಯಿಂದ ಇರುತ್ತದೆ ಎಂಬುದು ಬಹುಮಟ್ಟಿಗೆ ಇವನ್ನೇ ಅವಲಂಬಿಸಿದೆ. ಎಂಟು ಚೀಲಗಳನ್ನು ಕಾಯುತ್ತ ಕುಳಿತ ತಾಯಿಯ ಕಣ್ಣು ನೀರಿನಲ್ಲಿರುವ ಮಗುವಿನ ಮೇಲೆ ಇರಲಾರದು. ಉಪ್ಪು ನೀರಿನಲ್ಲಿ ಮೂರು ಗಂಟೆ ಆಡಿದ ಮಗುವಿಗೆ ಬಾಯಾರಿಕೆಯಾಗಿದೆ ಎಂಬುದು ಆ ಮಗುವಿಗೇ ತಿಳಿದಿರುವುದಿಲ್ಲ.

ಮಿತಿ ರೈಲಿನದಲ್ಲ, ಕೈಗಳದು

ರೈಲು ಪ್ರಯಾಣದಲ್ಲಿ ಸಾಮಾನಿನ ತೂಕಕ್ಕೆ ಅಡ್ಡಿಯಾಗುವ ಪ್ರಸಂಗ ವಿರಳ. ಭಾರತೀಯ ರೈಲ್ವೆಯ ನಿಯಮದಂತೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಹವಾನಿಯಂತ್ರಿತ ಬೋಗಿಗಳಲ್ಲಿ ಒಬ್ಬ ಪ್ರಯಾಣಿಕ 40 ಕಿಲೋ, ಎರಡನೇ ದರ್ಜೆಯಲ್ಲಿ 35 ಕಿಲೋ ಸಾಮಾನನ್ನು ಪ್ರತ್ಯೇಕ ಶುಲ್ಕವಿಲ್ಲದೆ ಒಯ್ಯಬಹುದು. 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಇದರ ಅರ್ಧದಷ್ಟು ಅವಕಾಶವಿದೆ. ಅಂದರೆ ತಂದೆ, ತಾಯಿ ಹಾಗೂ ಇಬ್ಬರು ಮಕ್ಕಳ ಕುಟುಂಬ ಸ್ಲೀಪರ್ ಬೋಗಿಯಲ್ಲಿ 120 ಕಿಲೋ ಸಾಗಿಸಲು ಅರ್ಹ. ಅಷ್ಟನ್ನು ಹೊರುವವರು ಯಾರು ಎಂಬುದಷ್ಟೇ ಪ್ರಶ್ನೆ.

ಗೋಕರ್ಣ ರೋಡ್, ಕುಮಟಾ, ಮುರುಡೇಶ್ವರ, ಬೈಂದೂರಿನಂಥ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಬೆಂಗಳೂರಿನಿಂದ ರಾತ್ರಿ ಪ್ರಯಾಣ ಮಾಡಿ ಬಂದವರು ಬೆಳಗಿನ ನಿದ್ದೆಗಣ್ಣಿನಲ್ಲಿ ಮಕ್ಕಳನ್ನು ಎಬ್ಬಿಸಿ, ಚಪ್ಪಲಿ ಹುಡುಕಿ, ಸೀಟಿನ ಕೆಳಗಿನ ಚೀಲಗಳನ್ನೆಲ್ಲ ಎಳೆದು ಇಳಿಯಬೇಕಾದದ್ದು ಆ ಅವಧಿಯೊಳಗೆ. ಬಳಿಕ ಆಟೊ ರಿಕ್ಷಾ, ಅನಂತರ ಎಷ್ಟೋ ಕಡೆ ಕಾಲ್ನಡಿಗೆ. ಗೋಕರ್ಣದ ಕುಡ್ಲೆ ತೀರಕ್ಕೆ ಇಳಿಜಾರಿನಲ್ಲಿ ಇಳಿದೇ ಹೋಗಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಎಲ್ಲವನ್ನೂ ಹಿಡಿದುಕೊಂಡು ದೋಣಿ ಹತ್ತಿ ಇಳಿಯಬೇಕು. ಚಕ್ರವಿರುವ ಸೂಟ್‌ಕೇಸು ನಗರದ ಪ್ಲಾಟ್‌ಫಾರಂ ಮೇಲೆ ಸಲೀಸಾಗಿ ಉರುಳುತ್ತದೆಯೇ ಹೊರತು ಮರಳಿನ ಮೇಲೆ ಅಲ್ಲ.

ಆದ್ದರಿಂದ ಅನುಭವಿ ಪ್ರವಾಸಿಗಳು ಪಾಲಿಸುವ ಸೂತ್ರ ಸರಳವಾದುದು. ದೊಡ್ಡವರ ಚೀಲ ಬೆನ್ನ ಮೇಲಿರಬೇಕು, ಎರಡೂ ಕೈಗಳು ಖಾಲಿ ಇರಬೇಕು. ಆ ಕೈಗಳು ಮಕ್ಕಳದು. ಮೂರು ದಿನಗಳ ಪ್ರವಾಸಕ್ಕೆ ದೊಡ್ಡವರಿಗೆ ತಲಾ ಒಂದು ಬೆನ್ನುಚೀಲ, ಎಂಟು ಹತ್ತು ವರ್ಷದ ಮಕ್ಕಳಿಗೆ ಅವರ ಶಾಲಾ ಚೀಲವೇ ಸಾಕು. ತನ್ನ ಚೀಲವನ್ನು ತಾನೇ ಹೊರಬೇಕೆಂದು ಮೊದಲೇ ತಿಳಿಸಿದರೆ ಆಟಿಕೆಗಳ ರಾಶಿಯನ್ನು ಮಗುವೇ ಕಡಿಮೆ ಮಾಡುತ್ತದೆ.

ಬಟ್ಟೆ: ಬೇಗ ಒಣಗುವುದೇ ಅರ್ಹತೆ

ಚೀಲದ ತೂಕದಲ್ಲಿ ಸಿಂಹಪಾಲು ಬಟ್ಟೆಯದು. ಬಯಲುಸೀಮೆಯವರು ಇಲ್ಲಿ ಒಂದು ಅಂಶವನ್ನು ಮರೆಯುತ್ತಾರೆ. ಬಳ್ಳಾರಿ, ರಾಯಚೂರು ಅಥವಾ ಚಿತ್ರದುರ್ಗದ ಒಣಗಾಳಿಯಲ್ಲಿ ಒಂದು ಗಂಟೆಯಲ್ಲಿ ಒಣಗುವ ಬಟ್ಟೆ ಕರಾವಳಿಯ ತೇವಾಂಶದಲ್ಲಿ ರಾತ್ರಿಯಿಡೀ ಹಸಿಯಾಗಿಯೇ ಉಳಿಯಬಹುದು. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆಯ ಪಾಡು ಇನ್ನೂ ಕಷ್ಟ. ಅದರಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಹೀರುವುದರಿಂದ ಒಣಗಿದಂತೆ ಕಂಡರೂ ಮೈಗೆ ಅಂಟುತ್ತದೆ. ಹಾಗಾಗಿ ಕಡಲಿಗೆ ಇಳಿದ ಬಟ್ಟೆಯನ್ನು ಸಿಹಿನೀರಿನಲ್ಲಿ ಅಲುಬಿ, ಹಿಂಡಿ, ಗಾಳಿಗೆ ಹರವಬೇಕು.

ಈ ಕಾರಣದಿಂದಲೇ ಜೀನ್ಸ್ ಪ್ಯಾಂಟು ಕಡಲತೀರಕ್ಕೆ ಸಲ್ಲದ ಉಡುಪು. ಒಂದರ ತೂಕವೇ ಅರ್ಧ ಕಿಲೋ ಮೀರುತ್ತದೆ. ನೆನೆದರೆ ಮತ್ತಷ್ಟು ಭಾರ, ಒಣಗಲು ದಿನವಿಡೀ ಬೇಕು. ದಪ್ಪ ಟರ್ಕಿ ಟವೆಲಿನ ಕಥೆಯೂ ಇದೇ. ಕರಾವಳಿಯವರು ತಲೆತಲಾಂತರದಿಂದ ಬಳಸುತ್ತ ಬಂದಿರುವ ತೆಳು ಹತ್ತಿಯ ಬೈರಾಸು ಇದಕ್ಕೆ ಉತ್ತರ. ಮೈ ಒರೆಸಲು, ಬಿಸಿಲಿಗೆ ತಲೆಗೆ ಸುತ್ತಲು, ಮರಳಿನ ಮೇಲೆ ಹಾಸಲು, ಮಗುವಿಗೆ ಹೊದಿಸಲು ಅದೊಂದೇ ಸಾಕು. ಮಡಚಿದರೆ ಅಂಗೈ ಅಗಲ, ಕೊಡವಿದರೆ ಮರಳು ಮಾಯ.

ಮೂರು ದಿನಕ್ಕೆ ತಲಾ ಮೂರು ಜೊತೆ ಬಟ್ಟೆ ಸಾಕು. ಉಟ್ಟದ್ದು ಒಂದು, ಚೀಲದಲ್ಲಿ ಒಂದು, ನೀರಿಗೆ ಇಳಿಯಲು ಒಂದು. ಸೀರೆ ಅಥವಾ ದುಪಟ್ಟಾ ಸಹಿತ ಚೂಡಿದಾರದಲ್ಲಿ ನೀರಿಗೆ ಇಳಿಯುವುದು ಅಪಾಯಕಾರಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದದ ನೀರಿನಲ್ಲೂ ಏಳುವುದು ಕಷ್ಟ. ಹಿರಿಯ ಹೆಣ್ಣುಮಕ್ಕಳಿಗೂ ಲೆಗ್ಗಿಂಗ್ಸ್ ಮತ್ತು ಮೊಣಕಾಲವರೆಗಿನ ಕುರ್ತಾ ಮರ್ಯಾದೆಯೂ ಹೌದು, ಸುರಕ್ಷಿತವೂ ಹೌದು. ಒದ್ದೆ ಬಟ್ಟೆಗೆಂದೇ ಒಂದು ಪ್ರತ್ಯೇಕ ಚೀಲವಿದ್ದರೆ ಉಳಿದ ಸಾಮಾನು ನೆನೆಯದು.

ಪಟ್ಟಿ ಬರೆಯುವವರು ಯಾರು?

ಬಹುತೇಕ ಮನೆಗಳಲ್ಲಿ ಚೀಲ ತುಂಬುವುದು ಗೃಹಿಣಿಯ ಕೆಲಸ. ಅತ್ತೆಯ ರಕ್ತದೊತ್ತಡದ ಮಾತ್ರೆ, ಮಾವನ ಕನ್ನಡಕ, ಮಗನ ಈಜುಡುಗೆ, ಪತಿಯ ಫೋನಿನ ಚಾರ್ಜರ್ ಎಲ್ಲವೂ ಅವಳ ತಲೆಯಲ್ಲಿರಬೇಕು. ಒಂದು ಮರೆತರೂ ದೂರು ಅವಳ ಮೇಲೆಯೇ. ಈ ಅಂಜಿಕೆಯೇ ಚೀಲಗಳು ಉಬ್ಬುವುದಕ್ಕೆ ಮುಖ್ಯ ಕಾರಣ. ‘ಇರಲಿ, ಬೇಕಾದೀತು’ ಎಂದು ತುರುಕಿದ ವಸ್ತುಗಳಲ್ಲಿ ಎಷ್ಟೋ ಬಿಚ್ಚದೆಯೇ ಮನೆಗೆ ಮರಳುತ್ತವೆ.

ಹೊರಡುವ ಎರಡು ದಿನ ಮೊದಲು ಮನೆಮಂದಿಯೆಲ್ಲ ಕುಳಿತು ಪಟ್ಟಿ ಬರೆದು, ಯಾರ ಪಾಲಿನದನ್ನು ಯಾರು ತೆಗೆದಿಡಬೇಕೆಂದು ಗೊತ್ತುಪಡಿಸಿದರೆ ಹೊರೆಯೂ ಇಳಿಯುತ್ತದೆ, ದೂರೂ ಇಳಿಯುತ್ತದೆ. ಕರಾವಳಿಯ ಯಾವುದೇ ಪೇಟೆಯಲ್ಲಿ ಸಿಗುವ ಸೋಪು, ಪೇಸ್ಟು, ಬಿಸ್ಕತ್ತುಗಳನ್ನು ಹೊರುವ ಅಗತ್ಯವಿಲ್ಲ. ಆದರೆ ವೈದ್ಯರು ಬರೆದ ಔಷಧ ಬಿಡಲೇಬಾರದು. ಅದನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಡಬೇಕು. ಇದರೊಂದಿಗೆ ಗುರುತಿನ ಚೀಟಿ, ಟಾರ್ಚು, ಗಾಯದ ಪಟ್ಟಿ, ಒಆರ್‌ಎಸ್ ಪೊಟ್ಟಣ, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಇರಬೇಕು. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಹೊರಬಂದ ಮೇಲೆ ಮತ್ತೆ ಹಚ್ಚಬೇಕು.

ಬುತ್ತಿ ಮತ್ತು ಘಾಟಿ

ಬುತ್ತಿಯಿಲ್ಲದ ಪ್ರವಾಸವನ್ನು ಕನ್ನಡದ ಕುಟುಂಬಗಳು ಊಹಿಸಲಾರವು. ಉತ್ತರ ಕರ್ನಾಟಕದ ಕಟಕ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಈ ವಿಷಯದಲ್ಲಿ ಆದರ್ಶ. ನೀರಿನಂಶವಿಲ್ಲದ್ದರಿಂದ ಹಗುರ, ದಿನಗಟ್ಟಲೆ ಕೆಡದು. ಹಳೆ ಮೈಸೂರು ಭಾಗದವರ ಪುಳಿಯೋಗರೆ ಮೊದಲ ದಿನಕ್ಕೆ ಸರಿ. ಹುಣಸೆಹುಳಿ ಮತ್ತು ಎಣ್ಣೆ ಅದನ್ನು ಕಾಯುತ್ತವೆ. ಮೊಸರನ್ನ, ತೆಂಗಿನಕಾಯಿ ಚಟ್ನಿ ಮಾತ್ರ ಸೆಕೆಗೆ ಬೇಗ ಹಳಸುವುದರಿಂದ ಮಧ್ಯಾಹ್ನದೊಳಗೆ ಮುಗಿಸಬೇಕು.

ಕರಾವಳಿ ತಲುಪಲು ಅರಬೈಲು, ದೇವಿಮನೆ, ಆಗುಂಬೆ, ಚಾರ್ಮಾಡಿ, ಶಿರಾಡಿ ಹೀಗೆ ಯಾವುದಾದರೊಂದು ಘಾಟಿ ಇಳಿಯಲೇಬೇಕು. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಪ್ರತಿ ಬಸ್ಸಿನಲ್ಲೂ ಕಾಣುವ ದೃಶ್ಯ. ಒಳಗಿವಿ ಅನುಭವಿಸುವ ಚಲನೆಗೂ ಕಣ್ಣಿಗೆ ಕಾಣುವ ದೃಶ್ಯಕ್ಕೂ ತಾಳೆಯಾಗದಿರುವುದೇ ಇದಕ್ಕೆ ಕಾರಣ. ಮೊಬೈಲ್ ನೋಡುತ್ತ ಕುಳಿತ ಮಗುವಿಗೆ ತೊಂದರೆ ಹೆಚ್ಚು, ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡುವ ಮಗುವಿಗೆ ಕಡಿಮೆ. ಘಾಟಿಗೆ ಮುನ್ನ ಎಣ್ಣೆಯ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಹೊರಡುವ ಮೊದಲೇ ಕೊಡಬೇಕು. ವಾಂತಿ ಆರಂಭವಾದ ಮೇಲೆ ನುಂಗಿಸಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು.

ಕರಾವಳಿಯ ಸೆಕೆಯ ಗುಟ್ಟು

ಕಲಬುರಗಿಯ 40 ಡಿಗ್ರಿ ದಾಟುವ ಬಿಸಿಲನ್ನು ಕಂಡವರಿಗೆ ಉಡುಪಿಯ 34 ಡಿಗ್ರಿ ಲೆಕ್ಕಕ್ಕಿಲ್ಲ ಎನ್ನಿಸುವುದು ಸಹಜ. ಆದರೆ ದೇಹವನ್ನು ತಂಪಾಗಿಸುವುದು ಬೆವರಲ್ಲ, ಬೆವರು ಆವಿಯಾಗುವ ಕ್ರಿಯೆ. ಒಣಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿ, ಮೈಯ ಶಾಖವನ್ನು ಒಯ್ಯುತ್ತದೆ. ಕರಾವಳಿಯ ಗಾಳಿ ಆಗಲೇ ತೇವದಿಂದ ತುಂಬಿರುವುದರಿಂದ ಬೆವರು ಆರದೆ ಧಾರೆಯಾಗಿ ಇಳಿಯುತ್ತದೆ. ನೀರು, ಉಪ್ಪು ಎರಡೂ ಹೊರಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಕಡಲಿನಲ್ಲಿರುವಾಗ ಮೈ ಒದ್ದೆಯಾಗಿರುವುದರಿಂದ ಬೆವರುವುದೇ ತಿಳಿಯದು. ತಲೆನೋವು, ಸಿಡಿಮಿಡಿ, ಗಾಢ ಹಳದಿ ಮೂತ್ರ ಇವು ದೇಹದಲ್ಲಿ ನೀರು ಕಡಿಮೆಯಾಗಿರುವುದರ ಮೊದಲ ಸೂಚನೆಗಳು. ಸಂಜೆ ಮಗು ಕಾರಣವಿಲ್ಲದೆ ರಚ್ಚೆ ಹಿಡಿದರೆ ಗದರುವ ಮೊದಲು ನೀರು ಕೊಟ್ಟು ನೋಡಬೇಕು.

ಬೆಲ್ಲ, ನೀರು, ಬೊಂಡ, ಪುನರ್ಪುಳಿ

ಸೆಕೆಯ ನಾಡಿನವರು ಇದಕ್ಕೆ ತಮ್ಮದೇ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಮನೆಗೆ ಬಂದ ಅತಿಥಿಗೆ ಮೊದಲು ಬೆಲ್ಲದ ತುಂಡು ಮತ್ತು ನೀರು ಕೊಡುವ ಪದ್ಧತಿ ಕರಾವಳಿ ಹಾಗೂ ಮಲೆನಾಡಿನಲ್ಲಿ ಇಂದಿಗೂ ಉಳಿದಿದೆ. ಉತ್ತರ ಕನ್ನಡದ ಮನೆಗಳಲ್ಲಿ ‘ಆಸರಿಗೆ ಏನು ಬೇಕು’ ಎಂದು ವಿಚಾರಿಸುವುದು ಉಪಚಾರದ ಮೊದಲ ಮಾತು.

ಎಳನೀರು, ತುಳುನಾಡಿನವರ ಮಾತಿನಲ್ಲಿ ಬೊಂಡ, ಪ್ರವಾಸಿಗೆ ಅತ್ಯಂತ ಭರವಸೆಯ ಪಾನೀಯ. ಪ್ರಕೃತಿಯೇ ಮೊಹರು ಹಾಕಿದ ಅದರೊಳಗೆ ಕಲುಷಿತ ನೀರು ಸೇರುವ ಭಯವಿಲ್ಲ. ಒಂದು ಕಾಯಿಯಲ್ಲಿ ಸಾಮಾನ್ಯವಾಗಿ 250ರಿಂದ 400 ಮಿಲಿಲೀಟರ್ ನೀರಿರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ ಆದ್ದರಿಂದ ಎಳನೀರಿನ ಜೊತೆಗೆ ಉಪ್ಪಿರುವ ಏನನ್ನಾದರೂ ತಿನ್ನುವುದು ಒಳ್ಳೆಯದು. ಮೂತ್ರಪಿಂಡದ ಕಾಯಿಲೆಯಿರುವ ಹಿರಿಯರು ಮಾತ್ರ ಪೊಟ್ಯಾಸಿಯಂ ಕಾರಣದಿಂದ ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು.

ಪುನರ್ಪುಳಿ ಪಶ್ಚಿಮ ಘಟ್ಟ ಮತ್ತು ಕರಾವಳಿಯದೇ ಹಣ್ಣು. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡ ಹಾಗೂ ಮಲೆನಾಡಿನಲ್ಲಿ ಮುರುಗಲು, ಕೊಂಕಣಿಗರಲ್ಲಿ ಬಿರಿಂಡ, ಮಾರುಕಟ್ಟೆಯಲ್ಲಿ ಕೋಕಂ. ಬೇಸಿಗೆಯಲ್ಲಿ ಮಾಗುವ ಈ ಹಣ್ಣಿನ ಕಡುಗೆಂಪು ಸಿಪ್ಪೆಯನ್ನು ಸಕ್ಕರೆಯೊಡನೆ ಬೆರೆಸಿಟ್ಟರೆ ಶರಬತ್ತಿನ ಪಾಕ ಸಿದ್ಧ. ಸಿಪ್ಪೆಯನ್ನು ಒಣಗಿಸಿಟ್ಟರೆ ವರ್ಷವಿಡೀ ಸಾರಿಗೂ ಪಾನಕಕ್ಕೂ ಒದಗುತ್ತದೆ. ಜೀರಿಗೆ ಮತ್ತು ಚಿಟಿಕೆ ಉಪ್ಪು ಹಾಕಿದ ಪುನರ್ಪುಳಿ ಶರಬತ್ತಿನಲ್ಲಿ ಹುಳಿ, ಸಿಹಿ, ಉಪ್ಪು ಮೂರೂ ಇರುವುದರಿಂದ ಬಾಯಾರಿಕೆ ಬೇಗ ತಣಿಯುತ್ತದೆ.

ಇವುಗಳ ಜೊತೆಗೆ ಒಗ್ಗರಣೆ ಮಜ್ಜಿಗೆ, ನಿಂಬೆ ಶರಬತ್ತು, ಲಾವಂಚದ ಬೇರು ನೆನೆಸಿದ ನೀರು, ಕಲ್ಲಂಗಡಿ, ತಾಟಿನಿಂಗುಗಳ ಸಾಲಿದೆ. ಸಂಜೆಯ ಚುರುಮುರಿ ಮತ್ತು ಉಪ್ಪು ಖಾರ ಸವರಿದ ಮಾವಿನಕಾಯಿ ಇಲ್ಲದೆ ಕಡಲತೀರದ ವಿಹಾರ ಪೂರ್ಣವಾಗದು. ಉಡುಪಿ ಮತ್ತು ಮಂಗಳೂರಿಗೆ ಬಂದವರು ಉದ್ದನೆಯ ಗ್ಲಾಸಿನಲ್ಲಿ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಒಣಹಣ್ಣುಗಳನ್ನು ಪದರ ಪದರವಾಗಿ ತುಂಬಿ ಕೊಡುವ ಗಡ್‌ಬಡ್ ಸವಿಯದೆ ಹಿಂದಿರುಗುವುದಿಲ್ಲ. ಅದು ನಾಲಗೆಯ ಸಂತೋಷಕ್ಕೆ, ನೀರಡಿಕೆಗೆ ಅಲ್ಲ.

ಮಂಜುಗಡ್ಡೆಯ ವಿಷಯದಲ್ಲಿ ಎಚ್ಚರ ಅಗತ್ಯ. ಮೀನುಗಾರಿಕೆ ಬಂದರುಗಳಿರುವ ಊರುಗಳಲ್ಲಿ ಮೀನು ಕೆಡದಂತಿಡಲು ತಯಾರಾಗುವ ಮಂಜುಗಡ್ಡೆ ಕುಡಿಯಲು ಯೋಗ್ಯವಾದ ನೀರಿನದೇ ಆಗಿರಬೇಕೆಂದಿಲ್ಲ. ಗಾಡಿಯಲ್ಲಿ ಶರಬತ್ತು ಕುಡಿಯುವಾಗ ‘ಐಸ್ ಬೇಡ’ ಎನ್ನುವುದು ಕ್ಷೇಮ.

ಒಆರ್‌ಎಸ್ ಹೆಸರಿನ ಗೊಂದಲ

ಬಾಟಲಿಯ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆಯಿರುತ್ತದೆ. 250 ಮಿಲಿಲೀಟರಿನ ಒಂದು ಬಾಟಲಿ ಎಂದರೆ ಐದಾರು ಚಮಚ ಸಕ್ಕರೆ. ಹೊಟ್ಟೆ ಕೆಟ್ಟ ಮಗುವಿಗೆ ಇದನ್ನು ಕುಡಿಸಿದರೆ ಹೆಚ್ಚಿನ ಸಕ್ಕರೆ ಕರುಳಿನೊಳಗೆ ನೀರನ್ನು ಸೆಳೆದು ಭೇದಿಯನ್ನು ಉಲ್ಬಣಗೊಳಿಸುತ್ತದೆ. ಅಂಗಡಿಗಳಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯಗಳೂ ‘ಒಆರ್‌ಎಸ್’ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಪದ ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ನಿಜವಾದ ಒಆರ್‌ಎಸ್‌ನ ಒಂದು ಲೀಟರ್ ದ್ರಾವಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲಿನ ಈ ವಿವರವನ್ನು ನೋಡಿಕೊಳ್ಳಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಅಪಾಯ.

ನೀರಿಗೆ ಇಳಿಯುವ ಮುನ್ನ

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ. ಕಡಲು ಶಾಂತವಾಗಿ ಕಾಣುವ ಋತುವಿನಲ್ಲೂ ಸೆಳೆತ ಇರುತ್ತದೆ ಎಂಬುದನ್ನು ಒಳನಾಡಿನವರು ಅರಿಯಬೇಕು.

ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗಲೇಬೇಕು. ಮರಳ ದಿಬ್ಬಗಳ ನಡುವಿನ ಕಿರಿದಾದ ಕಾಲುವೆಯಂಥ ಜಾಗದಲ್ಲಿ ಅದು ಒಟ್ಟಾಗಿ ರಭಸದಿಂದ ಆಳದತ್ತ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಅದೇ ಶಾಂತ ಜಾಗವೆಂದು ಭಾವಿಸಿ ಜನ ಇಳಿಯುತ್ತಾರೆ. ಸೆಳೆತ ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ವಿರುದ್ಧ ಈಜಿ ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಕೊಂಡವರು ಗಾಬರಿಪಡದೆ ತೇಲುತ್ತ ಕೈಯೆತ್ತಿ ಕರೆಯಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಬಳಿಕ ದಡದತ್ತ ತಿರುಗಬೇಕು. ಮಗುವನ್ನು ಉಳಿಸಲು ಈಜು ಬಾರದ ಹೆತ್ತವರು ಧುಮುಕಿದರೆ ಒಂದರ ಬದಲು ಎರಡು ಸಾವು ಸಂಭವಿಸುತ್ತದೆ. ತೇಲುವ ಚೆಂಡು, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನು, ಹಗ್ಗ ಏನಾದರೂ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಆಲೋಚನೆಯನ್ನೇ ಬಿಡಬೇಕು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ, ಸೇಂಟ್ ಮೇರೀಸ್ ದ್ವೀಪದ ದೋಣಿಗಳೂ ಮಳೆಗಾಲದಲ್ಲಿ ಓಡುವುದಿಲ್ಲ. ಉಳಿದ ಕಾಲದಲ್ಲೂ ಜೀವರಕ್ಷಕರಿರುವ ಕಡೆ ಮಾತ್ರ, ಬೆಳಕಿರುವಾಗ ಮಾತ್ರ, ಮದ್ಯ ಸೇವಿಸದೆ, ಮೊಣಕಾಲುದ್ದದ ನೀರಿನವರೆಗೆ ಇಳಿಯುವುದು ಕುಟುಂಬಗಳಿಗೆ ತಕ್ಕ ಮಿತಿ. ಇಬ್ಬರು ದೊಡ್ಡವರಿದ್ದರೆ ಒಬ್ಬರು ನೀರಿನಲ್ಲಿ, ಒಬ್ಬರು ದಡದಲ್ಲಿ ಇರಬೇಕು. ದಡದಲ್ಲಿರುವವರ ಕೆಲಸ ಫೋಟೊ ತೆಗೆಯುವುದಲ್ಲ, ತಲೆ ಎಣಿಸುವುದು. ಕಾಯಬೇಕಾದ ಚೀಲಗಳು ಕಡಿಮೆಯಿದ್ದಷ್ಟೂ ಈ ಕೆಲಸ ಸುಲಭ.

ಮರಳುವ ಹಾದಿಯಲ್ಲಿ

ಹಗುರವಾಗಿ ಹೋದವರಿಗೆ ಮರಳುವಾಗ ಚೀಲದಲ್ಲಿ ಜಾಗ ಉಳಿದಿರುತ್ತದೆ. ಒಣಗಿದ ಪುನರ್ಪುಳಿ ಸಿಪ್ಪೆ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ತೂಕದಲ್ಲಿ ಕಡಿಮೆ, ಬಾಳಿಕೆಯಲ್ಲಿ ಹೆಚ್ಚು. ಮೇ ತಿಂಗಳಿನಲ್ಲಿ ಅಂಕೋಲಾ ಕಡೆಗೆ ಹೋದವರು 2023ರಲ್ಲಿ ಜಿಐ ಮಾನ್ಯತೆ ಪಡೆದ ಕರಿ ಇಶಾಡ ಮಾವಿನ ರುಚಿ ನೋಡಬಹುದು. ತೆಳು ಸಿಪ್ಪೆಯ ಹಣ್ಣಾದ್ದರಿಂದ ದೂರ ಸಾಗಿಸುವುದಕ್ಕಿಂತ ಅಲ್ಲೇ ತಿನ್ನುವುದು ಲೇಸು.

ತೀರದಲ್ಲಿ ಕುಡಿದ ಎಳನೀರಿನ ಬುರುಡೆಯನ್ನು ಗಾಡಿಯವರಿಗೇ ಒಪ್ಪಿಸಬೇಕು. ಪ್ಲಾಸ್ಟಿಕ್ ಸ್ಟ್ರಾ, ತಟ್ಟೆ, ಲೋಟಗಳಂಥ ಒಮ್ಮೆ ಬಳಸಿ ಎಸೆಯುವ ವಸ್ತುಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ಮನೆಯಿಂದ ಒಯ್ದ ಸ್ಟೀಲ್ ಲೋಟ ಮತ್ತು ನೀರಿನ ಬಾಟಲಿ ಈ ಗೊಡವೆಯನ್ನೇ ತಪ್ಪಿಸುತ್ತದೆ.

ಮನೆ ತಲುಪಿದ ಮೇಲೆ ಚೀಲ ಬಿಚ್ಚುವಾಗ ಒಮ್ಮೆಯೂ ಬಳಸದ ವಸ್ತುಗಳನ್ನು ಬೇರೆ ಇರಿಸಿ, ಹಳೆಯ ಪಟ್ಟಿಯಲ್ಲಿ ಅವುಗಳ ಹೆಸರಿಗೆ ಗೆರೆ ಎಳೆದು, ಆ ಹಾಳೆಯನ್ನು ಚೀಲದೊಳಗೇ ಇಡಬೇಕು. ಮುಂದಿನ ಬೇಸಿಗೆಗೆ ಅರ್ಧ ಸಿದ್ಧತೆ ಅಲ್ಲಿಗೆ ಮುಗಿದಂತೆ.